ಗುಡ್ಡದ ಮೇಲಿನ ಮನೆ

ಪ್ರಶ್ನೆ: ಜಪಾನಿನ ನಿರ್ದೇಶಕ ಕುರೊಸಾವಾ ಅವರ ‘ಹೈ ಅಂಡ್ ಲೋ’ ಸಿನಿಮಾ ನೋಡಿದೆ. ಕೊನೆಗೆ ಮಗುವನ್ನು ಕದ್ದವನ ಬಗ್ಗೆಯೂ ಸಂಕಟವಾಯಿತು. ಇದು ತಪ್ಪಾ ಸರ್?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಖಂಡಿತ ತಪ್ಪಲ್ಲ. 1963ರ ಈ ಚಿತ್ರದ ಜಪಾನಿ ಹೆಸರಿನ ಅರ್ಥವೇ ‘ಸ್ವರ್ಗ ಮತ್ತು ನರಕ’. ಯೊಕೊಹಾಮಾದ ಗುಡ್ಡದ ಮೇಲೆ ಶೂ ಕಂಪನಿಯ ದೊಡ್ಡ ಅಧಿಕಾರಿ ಗೊಂಡೊ ಮನೆ, ಒಳಗೆ ಏಸಿ. ಕೆಳಗೆ ಸೆಕೆಯಲ್ಲಿ ಬೇಯುವ ಪುಟ್ಟ ಕೋಣೆಗಳು. ಅಲ್ಲಿಂದ ದಿನವೂ ಆ ಮನೆ ನೋಡಿ ನೋಡಿ ತರಬೇತಿಯಲ್ಲಿರುವ ಒಬ್ಬ ಬಡ ವೈದ್ಯನ ಹೊಟ್ಟೆ ಉರಿಯುತ್ತದೆ. ಮಗುವನ್ನು ಕದಿಯುವವನು ಅವನೇ. ಸಂಕಟವಾದರೂ ಅವನು ಕೊಲೆಗಾರನೂ ಹೌದು. ಅದನ್ನು ಚಿತ್ರ ಮುಚ್ಚಿಡುವುದಿಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು ಗೊಂಡೊನ ಡ್ರೈವರ್ ಅಓಕಿ. ಯಜಮಾನನ ಮಗ ಅಂದುಕೊಂಡು ಇವನ ಮಗನನ್ನು ಎತ್ತಿಕೊಂಡು ಹೋಗಿರುತ್ತಾರೆ. ಕೇಳುವುದು 3 ಕೋಟಿ ಯೆನ್. ಕೊಟ್ಟರೆ ಗೊಂಡೊ ಬೀದಿಗೆ ಬೀಳುತ್ತಾನೆ. ಅಓಕಿ ತಲೆ ತಗ್ಗಿಸಿ ಮೂಲೆಯಲ್ಲಿ ನಿಲ್ಲುತ್ತಾನೆ, ಆಮೇಲೆ ನೆಲಕ್ಕೆ ಬಿದ್ದು ಬೇಡುತ್ತಾನೆ. ನಮ್ಮಪ್ಪ ಸಾಹುಕಾರರೊಬ್ಬರ ಕಾರು ಓಡಿಸುತ್ತಿದ್ದರು. ನನ್ನ ಫೀಸಿಗೆ ಮುಂಗಡ ಕೇಳಲು ಹೋದಾಗ, ಹೆಗಲ ಟವೆಲ್ ಇಳಿಸಿ ಕೈಯಲ್ಲಿ ಹಿಂಡುತ್ತಾ ಬಾಗಿಲ ಪಕ್ಕ ನಿಲ್ಲುತ್ತಿದ್ದರು. ಆ ದೃಶ್ಯ ಬಂದಾಗ ನನಗೆ ಪರದೆ ನೋಡಲಾಗಲಿಲ್ಲ.

ಜಪಾನಿನಲ್ಲಿ 1964ರಲ್ಲಿ ಹಣಕ್ಕಾಗಿ ಅಪಹರಿಸುವವರಿಗೆ ಶಿಕ್ಷೆ ಬಿಗಿಯಾಯಿತು. ಅದು ಬೇಕಿತ್ತು. ಆದರೆ ಗುಡ್ಡಕ್ಕೂ ಕೆಳಗಿನ ಕೋಣೆಗೂ ಇರುವ ದೂರವನ್ನು ಯಾವ ಕಾನೂನು ಅಳೆಯುತ್ತದೆ?

ಗೊಂಡೊ ಮತ್ತು ಮಗುವನ್ನು ಕದ್ದವನ ಕೊನೆಯ ಭೇಟಿಯನ್ನು ಇನ್ನೊಮ್ಮೆ ನೋಡಿ. ಜೈಲಿನ ಗಾಜಿನಲ್ಲಿ ಒಬ್ಬನ ಮುಖದ ಮೇಲೆ ಇನ್ನೊಬ್ಬನ ಮುಖ. ಅಷ್ಟರಲ್ಲಿ ಶಟರ್ ಬೀಳುತ್ತದೆ. ಗೊಂಡೊ ಒಬ್ಬನೇ ಕೂತಿರುತ್ತಾನೆ.