ಹಳೇ ವಾದ್ಯಗಳ ಆರ್ಕೆಸ್ಟ್ರಾಗೆ ಹಿಂದಿನ ಸೀಟು ಸಾಕಾ?

ಲಂಡನ್‌ನಲ್ಲಿ ಬೀಥೋವನ್ ಕಾಲದ ವಾದ್ಯಗಳ ಕಛೇರಿಗೆ ಕಡಿಮೆ ರೇಟಿನ ಸೀಟು ಸಾಕಾ, ಅದಕ್ಕೂ ಮೊದಲು ಮಾಮೂಲಿ ಆರ್ಕೆಸ್ಟ್ರಾ ಕೇಳಿ ರೂಢಿ ಮಾಡ್ಕೊಳ್ಳಬೇಕಾ ಅಂತ ಕೇಳಿದ್ದೀರಿ. ನಾನು ಎರಡನ್ನೂ ಮಾಡಿ ಕೆಟ್ಟವನು.

ಅಷ್ಟು ಜನ ಒಟ್ಟಿಗೆ ನುಡಿಸುವಾಗ ಎಲ್ಲಿ ಕೂತರೇನು ಅಂತ ದೊಡ್ಡ ಹಾಲ್‌ನ ಬಾಲ್ಕನಿಯಲ್ಲಿ ಕೊನೇ ಸಾಲು ಹಿಡಿದೆ. ಸಾಲದ್ದಕ್ಕೆ ದಾರಿಯುದ್ದಕ್ಕೂ ಹೆಡ್‌ಫೋನ್‌ನಲ್ಲಿ ಬೀಥೋವನ್‌ನ ಮೂರನೇ ಸಿಂಫನಿ 'ಎರೋಯಿಕಾ'ದ ಭರ್ಜರಿ ರೆಕಾರ್ಡಿಂಗ್. ಅದರಲ್ಲಿ ಇದ್ದದ್ದು ಈಗಿನ ಪಿಟೀಲು, ಈಗಿನ ಹಾರ್ನ್ (ಸುತ್ತಿಕೊಂಡ ಹಿತ್ತಾಳೆ ಕಹಳೆ). ವಾಲ್ಯೂಮ್ ಅಂತೂ ನನ್ನ ಕೈಯಲ್ಲೇ. ಹಾಲ್‌ನಲ್ಲಿ ಕಂಡದ್ದು ಪ್ರಾಣಿಯ ಕರುಳಿನ ತಂತಿ, ಮರದ ಕೊಳಲು. ಕರುಳಿನ ತಂತಿಯನ್ನು ಅಷ್ಟು ಬಿಗಿ ಮಾಡುವುದಿಲ್ಲ, ನಾದ ಮೆತ್ತಗೆ. ಶ್ರುತಿಯೂ ತಗ್ಗು: ಎಲ್ಲರೂ ಶ್ರುತಿ ಹೊಂದಿಸುವ 'ಎ' ಸ್ವರಕ್ಕೆ ಸೆಕೆಂಡಿಗೆ ಈಗಿನ 440 ಕಂಪನದ ಬದಲು ಸಾಮಾನ್ಯವಾಗಿ 430. ಎರೋಯಿಕಾವನ್ನು 1804ರಲ್ಲಿ ಮೊದಲು ನುಡಿಸಿದ್ದೇ ವಿಯೆನ್ನಾದಲ್ಲಿ, ಲೋಬ್ಕೊವಿಟ್ಸ್ ಅರಮನೆಯ ಒಂದು ಕೋಣೆಯಲ್ಲಿ. ಅಂಥ ಜಾಗದ ವಾದ್ಯಗಳನ್ನು ನಾನು ಬಾಲ್ಕನಿ ತುದಿಯಿಂದ, ಅದೂ ಕಿವಿ ತುಂಬ ರೆಕಾರ್ಡಿಂಗ್ ತುಂಬಿಕೊಂಡು ಕೇಳಲು ಹೋದೆ. ಸಪ್ಪೆ ಅನ್ನಿಸದೆ ಇನ್ನೇನು! ಇಂಟರ್‌ವಲ್‌ನಲ್ಲೇ ಎದ್ದು ಬಂದೆ. ಎರೋಯಿಕಾ ಇದ್ದದ್ದು ಆಮೇಲೆ.

ಮುಂದೆ ಯಾವಾಗಲೋ ಸ್ನೇಹಿತರು ಬಲವಂತ ಮಾಡಿ ಚಿಕ್ಕ ಹಾಲ್‌ಗೆ ಕರೆದೊಯ್ದು ಮುಂದೆ ಕೂರಿಸಿದರು. ಅವತ್ತೂ ಎರೋಯಿಕಾನೇ. ಅದರ ಮೂರನೇ ಭಾಗದ ನಡುವೆ ಮೂರು ಹಾರ್ನ್ ಮಾತ್ರ ಎದ್ದು ಕೇಳುತ್ತವೆ. ಅವಕ್ಕೆ ಈಗಿನ ಹಾರ್ನಿನ ಹಾಗೆ ಬೆರಳಲ್ಲಿ ಒತ್ತಿ ಸ್ವರ ಬದಲಿಸುವ ವಾಲ್ವ್ ಇಲ್ಲ. ನುಡಿಸುವವರು ಹಾರ್ನಿನ ಅಗಲ ಬಾಯಿಗೆ ಬಲಗೈ ತೂರಿಸಿ, ಮುಚ್ಚಿ ತೆರೆದು ಸ್ವರ ಹೊಂದಿಸುತ್ತಾರೆ. ಮುಚ್ಚಿದ ಸ್ವರ ಸ್ವಲ್ಪ ಅಮುಕಿದಂತೆ, ತೆರೆದದ್ದು ಸ್ಪಷ್ಟ. ಈ ವ್ಯತ್ಯಾಸವೇ ಇದರ ರುಚಿ. ಚರ್ಮ ಹೊದಿಸಿದ ಟಿಂಪನಿಗೆ, ಅಂದರೆ ದೊಡ್ಡ ನಗಾರಿಗೆ, ಗಟ್ಟಿ ಕೋಲು ಬಿದ್ದರೆ ಗುಡುಗಲ್ಲ, ಫಟ್ ಅಂತ ಏಟು. ನಡುವೆ ನಿಲ್ಲಿಸಿ ತಂತಿ ಶ್ರುತಿ ಮಾಡುತ್ತಾರೆ, ಹಾಲ್‌ನ ಬಿಸಿಗೆ, ತೇವಕ್ಕೆ ಕರುಳಿನ ಶ್ರುತಿ ತಪ್ಪುತ್ತೆ. ನಮ್ಮಲ್ಲಿ ಮೃದಂಗದವರು ಶ್ರುತಿ ಸರಿಮಾಡ್ಕೊಳ್ಳಲ್ವಾ, ಹಾಗೇ.

ಆದ್ದರಿಂದ ಮೊದಲು ರೂಢಿ ಅನ್ನೋ ಮಾತೇ ಬೇಡ. ರೂಢಿ ಆದವರೇ ಸಪ್ಪೆ ಅನ್ನೋದು. ಸುಮ್ನೆ ಖಾಲಿ ಕಿವಿಯಲ್ಲಿ ಹೋಗಿ. ಕ್ವೀನ್ ಎಲಿಜಬೆತ್ ಹಾಲ್‌ನಲ್ಲಿ ಸುಮಾರು 900 ಸೀಟು, ಅಂಥದ್ದು ಸಿಕ್ಕರೆ ಒಳ್ಳೇದು. ಹಿಂದಿನ ಎರಡು ಟಿಕೆಟ್ ದುಡ್ಡಿಗೆ ಮುಂದಿನದೊಂದು ತಗೊಳ್ಳಿ, ಜೊತೆಗೆ ಯಾರೂ ಬರದಿದ್ದರೂ ಪರವಾಗಿಲ್ಲ. ಬುಕ್ ಮಾಡುವಾಗ ಹಾರ್ನ್‌ನವರು ಯಾವ ಕಡೆ ಕೂರುತ್ತಾರೆ ಅಂತ ಬಾಕ್ಸ್ ಆಫೀಸ್‌ನಲ್ಲಿ ಕೇಳಿ ನೋಡಿ. ನಾನಂತೂ ಕೇಳಿಯೇ ಬುಕ್ ಮಾಡುವುದು.