14 ತಿಂಗಳ ಮಗುವಿಗೆ ಟೈಫಾಯ್ಡ್ ಲಸಿಕೆ: ಎರಡರಲ್ಲೂ ಇರುವುದು ಒಂದೇ 'ಸಕ್ಕರೆ' ಆದರೆ ದುಬಾರಿಯದ್ದು ಯಾಕೆ?

ಉಡುಪಿಯಲ್ಲಿ ಅಗ್ಗದ್ದೊಂದು, ದುಬಾರಿಯದ್ದೊಂದು ಲಸಿಕೆ ತೋರಿಸಿದರು, ಎರಡರ ಒಳಗೂ ಒಂದೇ ಸಕ್ಕರೆ ಅಂದರು, ಹಾಗಾದರೆ ಹೆಚ್ಚು ದುಡ್ಡು ಯಾಕೆ ಎಂದು ಕೇಳಿದ್ದೀರಿ. ಸಕ್ಕರೆ ಒಂದೇ ಎನ್ನುವುದು ನಿಜ. ಸಾಮಾನ್ಯವಾಗಿ ಪ್ರಮಾಣವೂ ಒಂದೇ, 0.5 ಮಿ.ಲೀ. ಡೋಸಿಗೆ 25 ಮೈಕ್ರೋಗ್ರಾಂ. ಆದರೂ ನಿಮ್ಮ ಮಗುವಿಗೆ ಅಗ್ಗದ್ದು ಹಾಕಿಸಿದರೆ ದುಡ್ಡು ದಂಡ.

ಇದು ಚಹಾಕ್ಕೆ ಹಾಕುವ ಸಕ್ಕರೆಯಲ್ಲ ಮಾರಾಯ್ರೆ. ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಟೈಫಿ ಬ್ಯಾಕ್ಟೀರಿಯಾ ಮೈತುಂಬ ಹೊದ್ದುಕೊಳ್ಳುವ ಪಾಲಿಸ್ಯಾಕರೈಡ್. ಒಂದೇ ಘಟಕ ನೂರಾರು ಸಲ ಕೊಂಡಿಯಾಗಿ ಬೆಳೆದ ಉದ್ದನೆಯ ಸರಪಳಿ. ಹೆಸರು ವಿಐ (Vi). ಈ ಹೊದಿಕೆ ಇರುವವರೆಗೆ ರೋಗಾಣು ಕೊಲ್ಲುವ ರಕ್ತದ ಕಾಂಪ್ಲಿಮೆಂಟ್ ಪ್ರೋಟೀನುಗಳಿಗೆ ಬ್ಯಾಕ್ಟೀರಿಯಾದ ಗೋಡೆ ಸುಲಭಕ್ಕೆ ಸಿಗುವುದಿಲ್ಲ, ಬಿಳಿ ರಕ್ತಕಣಗಳಿಗೆ ನುಂಗುವುದೂ ಕಷ್ಟ. ಹೊದಿಕೆಗೇ ಅಂಟುವ ಪ್ರತಿಕಾಯ (ಆ್ಯಂಟಿಬಾಡಿ) ಮೊದಲೇ ತಯಾರಿದ್ದರೆ ಅದರ ಉಪಾಯ ನಡೆಯುವುದಿಲ್ಲ.

ತೊಡಕು ಇರುವುದು ಆ ಪ್ರತಿಕಾಯ ಮಾಡಿಸುವುದರಲ್ಲೇ. ಪ್ರತಿಕಾಯ ಮಾಡುವ ಬಿಳಿ ರಕ್ತಕಣವಾದ ಬಿ ಕೋಶ ಸಕ್ಕರೆಯನ್ನು ಗುರುತಿಸುತ್ತದೆ. ಆದರೆ ಒಳ್ಳೆಯ ದರ್ಜೆಯ ಪ್ರತಿಕಾಯ ಮಾಡಲು, ನೆನಪಿಟ್ಟುಕೊಳ್ಳಲು ಅದಕ್ಕೆ ಇನ್ನೊಂದು ಬಗೆಯ ಬಿಳಿ ರಕ್ತಕಣವಾದ ಟಿ ಕೋಶದ ಸಹಾಯ ಬೇಕು. ಟಿ ಕೋಶ ನೋಡುವುದು ಪ್ರೋಟೀನಿನ ಚೂರುಗಳನ್ನು. ಬರೀ ಸಕ್ಕರೆಯ ಸರಪಳಿ ಅದರ ಕಣ್ಣಿಗೆ ಬೀಳುವುದಿಲ್ಲ. ದೊಡ್ಡವರಲ್ಲಿ ಈ ಸಹಾಯವಿಲ್ಲದೆಯೂ ಬಿ ಕೋಶಗಳು ಒಂದಷ್ಟು ಪ್ರತಿಕಾಯ ಮಾಡುತ್ತವೆ. ಆ ಕೆಲಸದ ಬಿ ಕೋಶಗಳು, ಮುಖ್ಯವಾಗಿ ಗುಲ್ಮದಲ್ಲಿ (ಸ್ಪ್ಲೀನ್) ಇರುವವು, ಸುಮಾರು ಎರಡು ವರ್ಷದವರೆಗೆ ಬಲಿತಿರುವುದಿಲ್ಲ. ಅದಕ್ಕೇ ಬರೀ ಸಕ್ಕರೆಯಿರುವ ಅಗ್ಗದ ಲಸಿಕೆಗೆ 'ಎರಡು ವರ್ಷ ಮೇಲ್ಪಟ್ಟು' ಎಂಬ ಕಟ್ಟಳೆ. ದೊಡ್ಡವರಿಗೂ ಅದನ್ನು ಮೂರು ವರ್ಷಕ್ಕೊಮ್ಮೆ ಮತ್ತೆ ಚುಚ್ಚಿಸಬೇಕು. ನೆನಪು ಉಳಿಯದ ಕಾರಣ ಎರಡನೇ ಡೋಸಿಗೆ ದೇಹ ಮೊದಲಿಗಿಂತ ಜೋರಾಗಿ ಸ್ಪಂದಿಸುವುದೂ ಇಲ್ಲ.

ದುಬಾರಿಯದ್ದರಲ್ಲಿ ಅದೇ ವಿಐ ಸರಪಳಿಯನ್ನು ಒಂದು ಪ್ರೋಟೀನಿಗೆ ರಾಸಾಯನಿಕವಾಗಿ ಬೆಸೆದಿರುತ್ತಾರೆ, ಹೆಚ್ಚಾಗಿ ನಿರ್ವಿಷಗೊಳಿಸಿದ ಧನುರ್ವಾಯು ವಿಷವಾದ ಟೆಟನಸ್ ಟಾಕ್ಸಾಯ್ಡ್‌ಗೆ. ಬಿ ಕೋಶ ಸಕ್ಕರೆಯನ್ನು ಹಿಡಿದು ಎರಡನ್ನೂ ಒಟ್ಟಿಗೆ ನುಂಗುತ್ತದೆ, ಪ್ರೋಟೀನಿನ ಚೂರನ್ನು ಹೊರಗೆ ತೋರಿಸುತ್ತದೆ, ಟಿ ಕೋಶ ಬಂದು ಸಹಾಯ ಮಾಡುತ್ತದೆ. ಪ್ರತಿಕಾಯ ಹುಟ್ಟುವುದು ಮಾತ್ರ ಸಕ್ಕರೆಯ ವಿರುದ್ಧ. ವಿಜ್ಞಾನಿಗಳಾದ ಏವರಿ ಮತ್ತು ಗೋಬೆಲ್ 1930ರ ಆಸುಪಾಸಿನಲ್ಲೇ ಈ ಬೆಸೆಯುವ ತತ್ವವನ್ನು ಪ್ರಾಣಿಗಳಲ್ಲಿ ತೋರಿಸಿದ್ದರು. ನಿಮ್ಮ ಮಗುವಿಗೆ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಲ್ಲಿ ಹಾಕಿದ ಪೆಂಟಾವೇಲೆಂಟ್‌ನ ಹಿಬ್ (ಮಿದುಳುಪೊರೆಯ ಉರಿಯೂತ, ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾ) ಭಾಗವೂ ಇದೇ ಜಾತಿ.

ನೇಪಾಳದಲ್ಲಿ 9 ತಿಂಗಳಿಂದ 16 ವರ್ಷದೊಳಗಿನ ಸುಮಾರು 20 ಸಾವಿರ ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೆಸೆದ ಲಸಿಕೆಯ ಒಂದೇ ಡೋಸಿಗೆ, ರಕ್ತದಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಬ್ಲಡ್ ಕಲ್ಚರ್‌ನಲ್ಲಿ ಖಚಿತವಾದ ಟೈಫಾಯ್ಡ್ ಶೇ. 81.6ರಷ್ಟು ಕಡಿಮೆಯಾಯಿತು. ಇದನ್ನು ಆರು ತಿಂಗಳು ತುಂಬಿದವರಿಗೆ ಕೊಡಬಹುದು.

ಹಾಕಿಸುವಾಗ ಬಾಟಲಿ ಕೇಳಿ ಓದಿ, ಸಂಕೋಚ ಬೇಡ. 'ಕಾಂಜುಗೇಟ್' (Conjugate), ಅಂದರೆ ಬೆಸೆದದ್ದು, ಎಂಬ ಪದ ಇರಲೇಬೇಕು. ಬರೀ 'ವಿಐ ಪಾಲಿಸ್ಯಾಕರೈಡ್' ಎಂದಿದ್ದರೆ ಬೇಡ ಎನ್ನಿ. ಮೆಡಿಕಲ್‌ನಿಂದ ನೀವೇ ಕೊಂಡು ಹೋಗುವುದಕ್ಕಿಂತ ಕ್ಲಿನಿಕ್‌ನ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಟ್ಟದ್ದೇ ವಾಸಿ. ತರಲೇಬೇಕಾದರೆ ಐಸ್‌ಪ್ಯಾಕ್ ಜೊತೆ ತನ್ನಿ, ಆದರೆ ನಡುವೆ ಬಟ್ಟೆಯೋ ರಟ್ಟೋ ಇರಲಿ. ಹೆಪ್ಪುಗಟ್ಟಿದ ಲಸಿಕೆ ಬಿಸಾಡಬೇಕಾದ್ದೇ, ಕರಗಿಸಿದರೆ ಸರಿಹೋಗುವುದಿಲ್ಲ.

ಇನ್ನೊಂದು. ಟೈಫಾಯ್ಡನ್ನೇ ಹೋಲುವ ಪ್ಯಾರಾಟೈಫಾಯ್ಡ್ ಜ್ವರ ತರುವ ಪ್ಯಾರಾಟೈಫಿ ಎ ಬ್ಯಾಕ್ಟೀರಿಯಾದ ಮೈಮೇಲೆ ವಿಐ ಹೊದಿಕೆಯೇ ಇಲ್ಲ, ಹಾಗಾಗಿ ಈ ಲಸಿಕೆ ಅದನ್ನು ತಡೆಯುವುದಿಲ್ಲ. ಮಳೆಗಾಲದಲ್ಲಿ ಬಾವಿ ನೀರು ಕುದಿಸುವುದನ್ನು ಬಿಡಬೇಡಿ. ಲಸಿಕೆ ಆದ ಮೇಲೂ ಜ್ವರ ಮೂರು ದಿನ ಇಳಿಯದಿದ್ದರೆ ಪ್ರತಿಕಾಯ ನೋಡುವ ವಿಡಾಲ್ ರಕ್ತಪರೀಕ್ಷೆ ಒಂದನ್ನೇ ನೆಚ್ಚಿಕೊಳ್ಳದೆ, ಆ್ಯಂಟಿಬಯಾಟಿಕ್ ಶುರು ಮಾಡುವ ಮೊದಲೇ ಬ್ಲಡ್ ಕಲ್ಚರ್ ಮಾಡಿಸಬೇಕೇ ಎಂದು ಡಾಕ್ಟರನ್ನು ಕೇಳಿ.