ಓದುಗರ ಪ್ರಶ್ನೆ: ಕಾದಂಬರಿಯಂತೆ ಓದಿಸಿಕೊಳ್ಳುವ ಜೀವನಚರಿತ್ರೆಯನ್ನು ನಂಬಬಹುದೇ?

ಪ್ರಶ್ನೆ: ಈಚೆಗೆ ಐತಿಹಾಸಿಕ ವ್ಯಕ್ತಿಯೊಬ್ಬರ ಜೀವನಚರಿತ್ರೆಯನ್ನು ಕಾದಂಬರಿಯಂತೆ ಒಂದೇ ಗುಕ್ಕಿನಲ್ಲಿ ಓದಿ ಮುಗಿಸಿದೆ. ಅಷ್ಟು ಸ್ವಾರಸ್ಯವಾಗಿತ್ತು ಎಂಬುದರಿಂದಲೇ ಈಗ ಅನುಮಾನ ಹುಟ್ಟಿದೆ. ಇಂಥ ಪುಸ್ತಕವನ್ನು ಎಷ್ಟರ ಮಟ್ಟಿಗೆ ನಂಬಬಹುದು?
(ಓದುಗರೊಬ್ಬರು, ಬಸವನಗುಡಿ, ಬೆಂಗಳೂರು)

ಉತ್ತರ: ಸ್ವಾರಸ್ಯವನ್ನೇ ದೋಷವೆಂದು ತಿಳಿಯಬೇಕಾಗಿಲ್ಲ, ಓದುಗರನ್ನು ಹಿಡಿದು ಕೂರಿಸುವಷ್ಟು ತಿರುವುಗಳು ಎಷ್ಟೋ ಸಲ ದಾಖಲೆಗಳಲ್ಲೇ ಇರುತ್ತವೆ. 1883ರಿಂದ 1901ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರನ್ನೇ ನೋಡಿ. ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ಉತ್ಪಾದಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯಲ್ಲಿ ಸಾಗಿಸುವ ಯೋಜನೆ, ಅಷ್ಟು ದೂರಕ್ಕೆ ವಿದ್ಯುತ್ ಹರಿಸುವುದು ಜಗತ್ತಿನಲ್ಲೇ ಅಪರೂಪವಾಗಿದ್ದ ಕಾಲದಲ್ಲಿ, ಅವರ ಆಡಳಿತದಲ್ಲಿ ಆರಂಭವಾಯಿತು. ಅವರು 1901ರ ಮಾರ್ಚ್‌ನಲ್ಲಿ ಅಧಿಕಾರ ಬಿಟ್ಟು ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಗಣಿಗಳಿಗೆ ವಿದ್ಯುತ್ ಮುಟ್ಟಿದ್ದು 1902ರ ಜೂನ್‌ನಲ್ಲಿ, ಬೆಂಗಳೂರಿನಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ. ಫಲಿತಾಂಶವನ್ನು ಮೊದಲೇ ಬಾಯಿಬಿಡದೆ ಈ ಘಟನೆಗಳನ್ನು ಕ್ರಮವಾಗಿ ಹೇಳುತ್ತ ಹೋದರೆ ಸಾಕು, ಕಲ್ಪನೆಯ ಒಗ್ಗರಣೆ ಬೇಕಾಗುವುದಿಲ್ಲ.

ಆದರೆ ಜೀವನಚರಿತ್ರೆಯ ಲೇಖಕರು, ಅಧಿಕಾರ ಬಿಟ್ಟ ರಾತ್ರಿ ದಿವಾನರು ನಿದ್ದೆಯಿಲ್ಲದೆ ಹೊರಳಾಡಿ, ಆ ದೀಪವನ್ನು ತಾವು ಕಾಣಲಾರೆವೆಂದು ನಿಟ್ಟುಸಿರಿಟ್ಟರು ಎಂದು ಬರೆದರೆ, ಇದು ಲೇಖಕರಿಗೆ ಹೇಗೆ ತಿಳಿಯಿತೆಂದು ಕೇಳುವ ಹಕ್ಕು ನಿಮಗಿದೆ. ಪತ್ರವೋ ದಿನಚರಿಯೋ ಮನೆಯವರ ಮಾತೋ ಆಧಾರವಾಗಿದ್ದರೆ ಸರಿ. ಇಲ್ಲವಾದರೆ ಆ ವಾಕ್ಯ ಎಷ್ಟೇ ಚೆಂದವಿದ್ದರೂ ಕಾದಂಬರಿಗೆ ಸೇರಿದ್ದು. ಮುಚ್ಚಿದ ಕೋಣೆಯ ಸಂಭಾಷಣೆ ಉದ್ಧರಣ ಚಿಹ್ನೆಯೊಳಗೆ ಬಂದಾಗಲಂತೂ ನಾನು ತಕ್ಷಣ ಪುಸ್ತಕದ ಕೊನೆಯ ಟಿಪ್ಪಣಿಗಳತ್ತ ಹೊರಳುತ್ತೇನೆ.

ನಾಯಕನ ವಿರೋಧಿಗಳಿಗೆ ಪುಸ್ತಕದಲ್ಲಿ ಎಷ್ಟು ಜಾಗ ಸಿಕ್ಕಿದೆ ಎಂಬುದನ್ನೂ ಗಮನಿಸಿ. ಶೇಷಾದ್ರಿ ಅಯ್ಯರ್ ಮದರಾಸಿನ ಕಡೆಯವರಿಗೆ ಹುದ್ದೆಗಳನ್ನು ಕೊಡುತ್ತಾರೆಂದು ಮೈಸೂರಿಗರಲ್ಲಿ ದೊಡ್ಡ ಅಸಮಾಧಾನವಿತ್ತು. ಅದನ್ನು ಮುಚ್ಚಿಟ್ಟ ಜೀವನಚರಿತ್ರೆ ಬರಿಯ ಅಭಿನಂದನ ಗ್ರಂಥವಾಗುತ್ತದೆ, ಅಷ್ಟೇ ಅಲ್ಲ, ಸಂಘರ್ಷವೇ ಇಲ್ಲದ್ದರಿಂದ ಸಪ್ಪೆಯೂ ಆಗುತ್ತದೆ.

ಡಿ.ವಿ.ಜಿ.ಯವರ 'ಜ್ಞಾಪಕ ಚಿತ್ರಶಾಲೆ'ಯ 'ಮೈಸೂರಿನ ದಿವಾನರು' ಸಂಪುಟದಂಥ ಬರಹದ ಅಳತೆ ಬೇರೆ. ಅದು ಕಂಡದ್ದು ಕೇಳಿದ್ದರ ನೆನಪಿನ ಚಿತ್ರಗಳೇ ಹೊರತು ಪೂರ್ಣ ಜೀವನಚರಿತ್ರೆಯಲ್ಲ. ಅದನ್ನು ಸಾಕ್ಷಿಯ ಹೇಳಿಕೆಯಂತೆ ಓದಬೇಕು.

ನೀವು ಓದಿದ ಪುಸ್ತಕದಲ್ಲಿ ಅತ್ಯಂತ ರೋಚಕವೆನಿಸಿದ ಅಧ್ಯಾಯವೊಂದನ್ನೇ ಆರಿಸಿಕೊಂಡು, ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದಲ್ಲಿ (ಅದಿರುವುದೂ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿಯೇ) ಅದೇ ಕಾಲದ ಕುರಿತ ಇನ್ನೊಂದು ಗ್ರಂಥದೊಂದಿಗೆ ಹೋಲಿಸಿ ನೋಡಿ.